ಕಿಡಿ ಎಲ್ಲಿ ತಪ್ಪಿತು?

(ಸಂಘದ ರವಿವಾರದ ತರಗತಿಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ಮಾತನಾಡಲು ನಿಂತಿರುವುದು ಬೋನಸ್ಸಿನ ವಿಷಯವಾಗಿ ಅಲ್ಲ, ವಾರದ ರಜೆಯ ವಿಷಯವಾಗಿಯೂ ಅಲ್ಲ. ಒಂದು ಹಳೆಯ ಮೋಟಾರುಸೈಕಲಿನ ವಿಷಯವಾಗಿ. ಇವನಿಗೆ ಇದೇನು ಬಂತಪ್ಪಾ ಎಂದು ಹಿಂದಿನ ಬೆಂಚಿನಲ್ಲಿ ಕೆಲವರು ನಗುವುದು ನನಗೆ ಕಾಣುತ್ತಿದೆ. ನಗಲಿ. ಆದರೆ ಈ ಮೇಜಿನ ಮೇಲೆ ಇಟ್ಟಿದ್ದೇನಲ್ಲ, ತಲೆಯಲ್ಲಿ ತೂತು ಬಿದ್ದ ಪಿಸ್ಟನ್ನು, ಇದರ ದೆಸೆಯಿಂದ ನಮ್ಮ ಸಂಘದ ಒಬ್ಬ ಹುಡುಗನ ಎರಡು ತಿಂಗಳ ಸಂಜೆಯ ಸಂಬಳ ನಿಂತುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಕೈಕೆಲಸ ಗೊತ್ತಿಲ್ಲದವನು, ಸುಳ್ಳು ಹೇಳುವವನು ಎಂಬ ಹೆಸರು ಅವನಿಗೆ ಬಂದಿತ್ತು. ಆದುದರಿಂದ ಇದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಎಲ್ಲರೂ ಕೈಯಲ್ಲಿ ಹಿಡಿದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನೋಡುತ್ತಾ ಇರಿ, ನಾನು ಹೇಳುತ್ತಾ ಹೋಗುತ್ತೇನೆ.

ನಾನು ಇಂಜಿನಿಯರನಲ್ಲ. ಏಳನೆಯ ತರಗತಿ ಮುಗಿಸಿ ಊರು ಬಿಟ್ಟವನು. ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಟೇಬಲು ಒರಸಿ, ಆಮೇಲೆ ಸಪ್ಲೈಯರ್ ಆದವನು. ನಡುವೆ ಮೂರು ವರ್ಷ ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಪಕ್ಕದ ಗಲ್ಲಿಯ ಗ್ಯಾರೇಜಿನಲ್ಲಿ ಪಾನಾ ಹಿಡಿದೆ. ಅಲ್ಲಿ ಕಲಿತದ್ದು, ಆಮೇಲೆ ಹಿರಿಯ ಮಿಸ್ತ್ರಿಗಳ ಬಾಯಿಂದ ಕೇಳಿದ್ದು, ಸ್ವಲ್ಪ ಪುಸ್ತಕ ನೋಡಿ ತಿಳಿದದ್ದು, ಇಷ್ಟೇ ನನ್ನ ಬಂಡವಾಳ.

ಗಾಡಿ ಯಾವುದೆಂದು ಮೊದಲು ಹೇಳುತ್ತೇನೆ. ನಮ್ಮ ಹಿರಿಯ ಸದಸ್ಯರೊಬ್ಬರು ಪರೇಲಿನ ಗಿರಣಿಯೊಂದರಲ್ಲಿ ಇದ್ದವರು. ೧೯೮೨ರ ಮುಷ್ಕರದ ತರುವಾಯ ಕೆಲಸ ಹೋದರೂ ತಮ್ಮ ೧೯೬೯ರ ಜಾವಾ ಗಾಡಿಯನ್ನು ಮಾರಲಿಲ್ಲ. ಜಾವಾ ಎಂಬ ಹೆಸರು ಜೆಕ್ ದೇಶದ್ದು. ೧೯೨೯ರಲ್ಲಿ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರುಸೈಕಲಿನ ಹಕ್ಕು ಕೊಂಡು ಶುರು ಮಾಡಿದ್ದರಿಂದ ಎರಡೂ ಹೆಸರಿನ ಮೊದಲಕ್ಷರಗಳು ಕೂಡಿ ಆ ಹೆಸರಾಯಿತು. ಆದರೆ ನಮ್ಮ ಹಿರಿಯರ ಗಾಡಿ ಹುಟ್ಟಿದ್ದು ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ಈ ಗಾಡಿಗಳನ್ನು ಕಟ್ಟಿದರು. ೧೯೭೩ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಗೇರು ಹಾಕುವ ಲಿವರನ್ನೇ ಮೇಲೆತ್ತಿ ಕಿಕ್ ಹೊಡೆಯುವ ಏರ್ಪಾಡು. ಆ ಸದ್ದು ಕೇಳಿದವರಿಗೆ ಗೊತ್ತು, ನಾನು ವರ್ಣಿಸುವ ಅಗತ್ಯವಿಲ್ಲ.

ಕಾರ್ಖಾನೆ ಮುಚ್ಚಿತು ಎಂಬುದನ್ನು ನೆನಪಿಡಿ. ಕಾರ್ಖಾನೆ ನಿಂತ ಮೇಲೂ ಗಾಡಿಗಳು ಓಡುತ್ತವೆ, ಸವೆಯುತ್ತವೆ, ಪಾರ್ಟು ಕೇಳುತ್ತವೆ. ಆ ಪಾರ್ಟು ಎಲ್ಲಿಂದ ಬರಬೇಕು? ಕೆಲವು ಹಳೆಯ ದಾಸ್ತಾನು, ಕೆಲವು ಚೆನ್ನಾಗಿಯೇ ಮಾಡಿದ ನಕಲು, ಇನ್ನು ಕೆಲವು ಬೇರೆ ಯಾವುದೋ ಗಾಡಿಯದು. ತಿರುಪು ಕೂಡುತ್ತದೆಂದು ಜಾವಾದ್ದೆಂದು ಹೇಳಿ ಕೊಡುವವು. ಇಂದಿನ ಕಥೆ ಈ ಮೂರನೆಯ ಜಾತಿಯದು.

ಹುಡುಗ ಕುಂದಾಪುರದ ಕಡೆಯವನು. ವಯಸ್ಸು ಇಪ್ಪತ್ತು. ಹಗಲು ಹೋಟೆಲಿನಲ್ಲಿ ಕ್ಲೀನರು, ಸಂಜೆ ಒಂದು ಗ್ಯಾರೇಜಿನಲ್ಲಿ ಕಲಿಯುವ ಹುಡುಗ. ಜನ್ಮವಿಡೀ ಟೇಬಲು ಒರಸಲಾರೆ ಅಣ್ಣಾ ಎಂದು ನನ್ನ ಹತ್ತಿರ ಹೇಳಿದ್ದ. ನಾನೇ ಅವನನ್ನು ಆ ಗ್ಯಾರೇಜಿಗೆ ಸೇರಿಸಿದ್ದು. ಹೀಗಾಗಿ ನನಗೂ ಅದರಲ್ಲಿ ಹೊಣೆ ಇತ್ತು. ಹಿರಿಯರು ತಮ್ಮ ಜಾವಾವನ್ನು ಅದೇ ಗ್ಯಾರೇಜಿಗೆ ಕೊಟ್ಟರು. ಚಾಲೂ ಆಗಲು ತಡವಾಗುತ್ತಿದೆ ಎಂಬುದಷ್ಟೇ ದೂರು. ರಿಪೇರಿಯಾಯಿತು. ಟ್ರಯಲ್ ನೋಡಿಕೊಂಡು ಬಾ ಎಂದು ಮಾಲೀಕರು ಹುಡುಗನನ್ನು ಕಳುಹಿಸಿದರು. ಅವನು ಪೆಟ್ರೋಲು ಹಾಕಿಸಿದ, ಎಣ್ಣೆ ಬೆರೆಸಿದ, ಹೊರಟ. ಹೆದ್ದಾರಿಯಲ್ಲಿ ಏಳೆಂಟು ಕಿಲೋಮೀಟರು ಹೋಗುವಷ್ಟರಲ್ಲಿ ಎಂಜಿನು ಸೊಂಯ್ ಎಂದು ನಿಂತಿತು. ತಳ್ಳಿಕೊಂಡು ಬಂದ. ತಲೆ ಬಿಚ್ಚಿದರೆ ಪಿಸ್ಟನ್ನಿನಲ್ಲಿ ತೂತು.

"ಎಣ್ಣೆ ಹಾಕಿಲ್ಲ, ಒಣ ಪೆಟ್ರೋಲಿನಲ್ಲಿ ಓಡಿಸಿದ್ದಾನೆ" ಎಂದರು ಮಾಲೀಕರು. ಈ ಎಂಜಿನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ; ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಲೀಟರಿಗೆ ೪೦ ಮಿಲಿಲೀಟರು. ಬೆರೆಸದಿದ್ದರೆ ಎಂಜಿನು ಹಿಡಿಯುವುದು ನಿಜ. ಆದುದರಿಂದ ಆ ಮಾತನ್ನು ಎಲ್ಲರೂ ನಂಬಿದರು. ಹೊಸ ಪಿಸ್ಟನ್ನಿನ ಹಣ, ಕೆಲಸದ ಹಣ, ಎಲ್ಲಾ ಅವನ ಸಂಬಳದಲ್ಲಿ ಮುರಿದುಕೊಳ್ಳುವುದೆಂದು ತೀರ್ಮಾನವಾಯಿತು.

ಹುಡುಗ ರಾತ್ರಿ ನನ್ನ ಖೋಲಿಗೆ ಬಂದ. "ಅಣ್ಣಾ, ಎಣ್ಣೆ ನಾನೇ ಕೈಯಾರೆ ಅಳೆದು ಹಾಕಿದ್ದು" ಎಂದ. ಅಷ್ಟು ಬಿಟ್ಟು ಬೇರೆ ಮಾತಿಲ್ಲ. ನಾನು ಕೂಡಲೇ ನಂಬಿದೆ ಎಂದು ಹೇಳಿದರೆ ಅದು ಸುಳ್ಳಾದೀತು. ದಣಿದ ಹುಡುಗ, ಮರೆತಿದ್ದರೂ ಮರೆತಿದ್ದಾನು ಎಂದುಕೊಂಡೆ. ಅವನು ಕುಂಟುತ್ತಿದ್ದುದನ್ನು ನೋಡಿ ಕಾಲಿಗೇನಾಯಿತು ಎಂದು ಕೇಳಿದೆ. ರಿಪೇರಿಯಾದ ದಿನದಿಂದ ಗಾಡಿ ಕಿಕ್ ಹೊಡೆದರೆ ಲಿವರು ತಿರುಗಿ ಒದೆಯುತ್ತದೆ ಅಣ್ಣಾ ಎಂದ. ಮೀನಖಂಡ ಊದಿಕೊಂಡಿತ್ತು. ಆಗ ನನಗೆ ಸಂಶಯ ಬಂತು. ಎಣ್ಣೆ ಕಡಿಮೆಯಾದ ಗಾಡಿ ಬಿಗಿಯುತ್ತದೆ, ಅದು ಒದೆಯುವುದಿಲ್ಲ. ಒದೆಯುವುದು ಕಿಡಿ ಹೊತ್ತಿಗೆ ಮುಂಚೆ ಬಿದ್ದ ಗಾಡಿ.

ಇಲ್ಲಿ ಕಿಡಿ ಹೇಗೆ ಹುಟ್ಟುತ್ತದೆಂದು ತಿಳಿಯದಿದ್ದರೆ ಮುಂದಿನದು ತಲೆಗೆ ಹೋಗದು. ಬ್ಯಾಟರಿ ೬ ವೋಲ್ಟಿನದು. ಅಷ್ಟು ಬಲದಲ್ಲಿ ಕಿಡಿ ಹಾರುವುದಿಲ್ಲ. ಕಾಯ್ಲ್ ಎಂಬ ಡಬ್ಬಿಯಲ್ಲಿ ಎರಡು ಸುರುಳಿ ತಂತಿ ಇವೆ. ಒಂದು ದಪ್ಪ, ಸುತ್ತು ಕಡಿಮೆ. ಇನ್ನೊಂದು ಕೂದಲಿನಷ್ಟು ಸಣ್ಣದು, ಸುತ್ತು ಸಾವಿರಗಟ್ಟಲೆ. ದಪ್ಪ ಸುರುಳಿಯ ಕರೆಂಟು ಪಾಯಿಂಟ್ ಎಂಬ ಪುಟ್ಟ ಬಾಗಿಲಿನ ಮೂಲಕ ಹರಿಯುತ್ತದೆ. ಕ್ರಾಂಕಿನ ಬಲತುದಿಯಲ್ಲಿ ಡೈನಮೋ ಇದೆಯಷ್ಟೆ, ಅದರ ತುದಿಯಲ್ಲಿ ಒಂದು ಕ್ಯಾಮು ತಿರುಗುತ್ತಾ ಪಾಯಿಂಟಿನ ಕಾಲನ್ನು ಸುತ್ತಿಗೊಮ್ಮೆ ಎತ್ತುತ್ತದೆ. ಬಾಗಿಲು ಮುಚ್ಚಿದಾಗ ಕರೆಂಟು ತುಂಬುತ್ತದೆ. ಬಾಗಿಲು ತೆರೆದ ಕ್ಷಣ ಕರೆಂಟು ಕಡಿಯುತ್ತದೆ. ಆ ಕಡಿದ ಪೆಟ್ಟಿಗೆ ಸಣ್ಣ ಸುರುಳಿಯಲ್ಲಿ ಸಾವಿರಾರು ವೋಲ್ಟು ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟು ಮುಚ್ಚಿದಾಗ ಕಿಡಿ ಬರುತ್ತದೆಂದು ಅನೇಕ ಮಿಸ್ತ್ರಿಗಳೂ ತಿಳಿದಿದ್ದಾರೆ. ಹಾಗಲ್ಲ. ತೆರೆದಾಗ.

ಆ ತೆರೆಯುವ ಕ್ಷಣ ಬಹು ಮುಖ್ಯ. ಪಿಸ್ಟನ್ನು ಮೇಲೆ ಬರುತ್ತಾ, ತುತ್ತತುದಿ ಮುಟ್ಟಲು ಇನ್ನೂ ಕೆಲವು ಮಿಲಿಮೀಟರು ಇರುವಾಗಲೇ ಕಿಡಿ ಬೀಳಬೇಕು. ಏಕೆಂದರೆ ಬೆಂಕಿ ಹರಡಲು ಸ್ವಲ್ಪ ಸಮಯ ಬೇಕು. ಎಷ್ಟು ಮಿಲಿಮೀಟರು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಗಾಡಿಯ ಪುಸ್ತಕ ನೋಡಿಯೇ ಇಡತಕ್ಕದ್ದು, ಬಾಯಿಲೆಕ್ಕದಲ್ಲಿ ಅಲ್ಲ. ತಡವಾಗಿ ಬಿದ್ದರೆ ಗಾಡಿಗೆ ಜೀವವಿಲ್ಲ, ಸೈಲೆನ್ಸರು ಕಾಯುತ್ತದೆ. ಮುಂಚೆ ಬಿದ್ದರೆ, ಮೇಲೆ ಬರುತ್ತಿರುವ ಪಿಸ್ಟನ್ನಿನ ನೆತ್ತಿಗೇ ಬೆಂಕಿಯ ಗುದ್ದು. ಕಿಕ್ ಹೊಡೆಯುವಾಗ ಆ ಗುದ್ದು ನಿಮ್ಮ ಕಾಲಿಗೆ ಬರುತ್ತದೆ. ಓಡುವಾಗ ಪಿಸ್ಟನ್ನೇ ತಿನ್ನುತ್ತದೆ.

ಮರುದಿನ ಹುಡುಗನನ್ನೂ ಗಾಡಿಯ ಹಿರಿಯರನ್ನೂ ಕರೆದುಕೊಂಡು ಗ್ಯಾರೇಜಿಗೆ ಹೋದೆ. ಜಗಳಕ್ಕೆ ಅಲ್ಲ. ಪಿಸ್ಟನ್ನು ತೋರಿಸಿ ಸೇಠ್ ಎಂದೆ. ತೋರಿಸಿದರು. ಈಗ ನಿಮ್ಮ ಕೈಯಲ್ಲಿರುವುದು ಅದೇ. ಅದರ ಮೈಯನ್ನು, ಎಂದರೆ ಪಕ್ಕದ ಗೋಡೆಯನ್ನು ನೋಡಿ. ಎಣ್ಣೆ ಸಾಲದೆ ಹಿಡಿದ ಪಿಸ್ಟನ್ನಿನ ಮೈಮೇಲೆ ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದಿರುತ್ತದೆ, ಲೋಹ ಉಜ್ಜಿ ಬಳಿದುಕೊಂಡಿರುತ್ತದೆ, ಸಿಲಿಂಡರಿನ ಒಳಗೋಡೆಗೂ ಆ ಬಳಿತ ಹತ್ತಿರುತ್ತದೆ. ಇದರ ಮೈ ನುಣುಪಾಗಿದೆ, ಎಣ್ಣೆಯ ಪಸೆ ಈಗಲೂ ಇದೆ. ಕೆಟ್ಟದ್ದು ನೆತ್ತಿ ಮಾತ್ರ. ಅದೂ ನಡುವಿನಲ್ಲಿ, ಮೇಣ ಕರಗಿದ ಹಾಗೆ ಅಂಚು ಬಾಗಿ ಕೆಳಕ್ಕೆ ಇಳಿದಿದೆ. ಇದು ಎಣ್ಣೆಯ ಕೆಲಸವಲ್ಲ, ಬೆಂಕಿಯ ಕೆಲಸ. ದೋಸೆ ತಳ ಹಿಡಿಯುವುದಕ್ಕೂ ಕಾವಲಿಯೇ ತೂತಾಗುವುದಕ್ಕೂ ಇರುವಷ್ಟು ವ್ಯತ್ಯಾಸ. ಗಿರಣಿಯ ಹಿರಿಯರು ಕನ್ನಡಕ ಹಾಕಿಕೊಂಡು ಬೆರಳಿನಲ್ಲಿ ಸವರಿ ನೋಡಿ, "ಹುಡುಗ ಎಣ್ಣೆ ಹಾಕಿದ್ದಾನೆ" ಎಂದರು. ಅವರದೇ ಗಾಡಿ, ಅವರದೇ ನಷ್ಟ. ಅವರು ಆ ಮಾತು ಮೊದಲು ಆಡಿದ್ದು ಹುಡುಗನಿಗೆ ಎಷ್ಟಾಯಿತೆಂದು ನಾನು ಹೇಳಬೇಕಾಗಿಲ್ಲ.

ಮಾಲೀಕರು ಸುಮ್ಮನಾಗಲಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೂ ಹೀಗಾಗುತ್ತದೆ ಎಂದರು. ಅವರ ಮಾತು ಸರಿ, ಹಾಗೂ ಆಗುತ್ತದೆ. ಆದ್ದರಿಂದ ಅದನ್ನೂ ನೋಡಿದೆವು. ಕಾರ್ಬೊರೇಟರಿನ ಜೆಟ್ಟಿನ ನಂಬರು ಪುಸ್ತಕಕ್ಕೆ ಸರಿಯಿತ್ತು, ಕಸ ಕಟ್ಟಿರಲಿಲ್ಲ. ಗ್ಯಾಸ್ಕೆಟ್ಟು, ಕ್ರಾಂಕಿನ ಸೀಲು ಹರಿದಿರಲಿಲ್ಲ. ಉಳಿದದ್ದು ಕಿಡಿಯ ಕಡೆ.

ಮೊದಲು ಪ್ಲಗ್ಗು ಬಿಚ್ಚಿದೆವು. ಸರಿಯಾದ ಎಂಜಿನಿನ ಪ್ಲಗ್ಗಿನ ತುದಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ಹತ್ತಿರವಾಗಿರುತ್ತದೆ. ಇದರ ತುದಿ ಸುಣ್ಣದ ಹಾಗೆ ಬೆಳ್ಳಗೆ, ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಗುಳ್ಳೆ. ಅತಿಯಾಗಿ ಕಾದ ಲಕ್ಷಣ. ಗಾಡಿ ಕಾಯುತ್ತಿತ್ತು, ಅದಕ್ಕೆಂದೇ ನಾನು ಒಂದು ನಂಬರು ತಣ್ಣನೆಯ ಪ್ಲಗ್ಗು ಹಾಕಿದ್ದೇನೆ, ೭ ಇತ್ತು, ೮ ಹಾಕಿದೆ ಎಂದು ಮಾಲೀಕರು ಹೆಮ್ಮೆಯಿಂದಲೇ ಹೇಳಿದರು. ಹಳೆಯ ಪ್ಲಗ್ಗು ಎನ್‌ಜಿಕೆ ೭. ಹೊಸದು ಬಾಷ್ ೮.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ಲಗ್ಗಿನಲ್ಲಿ ಬಿಸಿ, ತಣ್ಣಗೆ ಎಂದರೆ ಕಿಡಿಯ ಬಿಸಿಯಲ್ಲ. ತುದಿಗೆ ಹತ್ತಿದ ಕಾವನ್ನು ಪ್ಲಗ್ಗು ಎಷ್ಟು ಬೇಗ ಸಿಲಿಂಡರಿನ ತಲೆಗೆ ದಾಟಿಸುತ್ತದೆ ಎಂಬುದು. ಬೇಗ ದಾಟಿಸುವುದು ತಣ್ಣನೆಯದು, ನಿಧಾನವಾಗಿ ದಾಟಿಸುವುದು ಬಿಸಿಯದು. ಎನ್‌ಜಿಕೆ ಲೆಕ್ಕದಲ್ಲಿ ನಂಬರು ಏರಿದಷ್ಟೂ ತಣ್ಣಗೆ. ಬಾಷ್ ಕಂಪನಿಯ ಈಗಿನ ಲೆಕ್ಕದಲ್ಲಿ ನಂಬರು ಏರಿದಷ್ಟೂ ಬಿಸಿ. ಅದೇ ಬಾಷ್, ನಮ್ಮ ಬೆಂಗಳೂರಿನ ಮೈಕೋ ಮಾಡುತ್ತಿದ್ದ ಹಳೆಯ ಪ್ಲಗ್ಗುಗಳಲ್ಲಿ ೧೭೫, ೨೨೫ ಎಂದು ಇರುತ್ತಿದ್ದುವಲ್ಲ, ಅಲ್ಲಿ ಮತ್ತೆ ಏರಿದಷ್ಟೂ ತಣ್ಣಗೆ. ಚಾಂಪಿಯನ್ ಕಂಪನಿಯದು ಏರಿದಷ್ಟೂ ಬಿಸಿ. ಮಾಲು ಎಲ್ಲರದೂ ಚೆನ್ನಾದದ್ದೇ; ಎಣಿಸುವ ದಿಕ್ಕು ಮಾತ್ರ ಬೇರೆ. ಎನ್‌ಜಿಕೆ ೭ಕ್ಕೆ ಬಾಷಿನ ಜೊತೆ ಸುಮಾರಾಗಿ ೫. ಅಲ್ಲಿ ೮ ಹಾಕಿದರೆ ಒಂದು ಮೆಟ್ಟಿಲು ತಣ್ಣಗೆ ಇಳಿಯುವ ಬದಲು ಎರಡು ಮೆಟ್ಟಿಲು ಬಿಸಿಗೆ ಏರಿದಂತೆ. ಮೊದಲೇ ಕಾಯುತ್ತಿದ್ದ ಎಂಜಿನಿನಲ್ಲಿ ಅಂಥ ಪ್ಲಗ್ಗಿನ ತುದಿ ಕೆಂಡವಾಗುತ್ತದೆ. ಆಗ ಕಿಡಿಯ ಅಪ್ಪಣೆಯೇ ಬೇಡ, ಕೆಂಡವೇ ಒಳಗಿನ ಗ್ಯಾಸಿಗೆ ಬೆಂಕಿ ಹಚ್ಚುತ್ತದೆ, ಇನ್ನೂ ಮುಂಚೆ, ಇನ್ನೂ ಮುಂಚೆ. ಕೆಲವು ನಿಮಿಷಗಳಲ್ಲಿ ತೂತು.

ಹಾಗಾದರೆ ಪ್ಲಗ್ಗು ಬದಲಾಯಿಸುವ ಮೊದಲೇ ಗಾಡಿ ಏಕೆ ಕಾಯುತ್ತಿತ್ತು? ಈ ಪ್ರಶ್ನೆ ಕೇಳಿದ್ದು ನಾನಲ್ಲ, ಹುಡುಗ. ಮೂಲೆಯಲ್ಲಿ ನಿಂತುಕೊಂಡೇ ಕೇಳಿದ.

ಡೈನಮೋದ ಮುಚ್ಚಳ ತೆಗೆದೆವು. ಹೊಸ ಪಾಯಿಂಟ್ ಸೆಟ್ಟು. ಗ್ಯಾಪು ಅಳೆದರೆ ೦.೪ ಮಿಲಿಮೀಟರು, ಸರಿಯಾಗಿಯೇ ಇತ್ತು. ನೋಡಿ, ಗ್ಯಾಪು ಸರಿಯಿದೆ ಎಂದರು ಮಾಲೀಕರು. ಗ್ಯಾಪು ಸರಿಯಿದ್ದರೆ ಟೈಮಿಂಗು ತಾನಾಗಿ ಸರಿ ಎಂದು ತಿಳಿಯುವುದೇ ಹೆಚ್ಚಿನ ಗ್ಯಾರೇಜುಗಳ ರೂಢಿ. ನಾವು ಹಳೆಯ ಸಿಲಿಂಡರು, ತೂತು ಪಿಸ್ಟನ್ನನ್ನೇ ಮತ್ತೆ ಕೂಡಿಸಿ ಪ್ಲಗ್ಗಿನ ಕಂಡಿಯಿಂದ ಅಳತೆಯ ಕಡ್ಡಿ ಇಳಿಸಿದೆವು. ಅಂಚಿನಲ್ಲಿ ಮುಟ್ಟಿಸಿದರೆ ಅಳತೆಗೆ ತೂತು ಅಡ್ಡಬರುವುದಿಲ್ಲ. ಪಾಯಿಂಟು ತೆರೆಯುವ ಕ್ಷಣ ತಿಳಿಯಲು ಸಿಗರೇಟಿನ ತೆಳು ಕಾಗದ ಸಾಕು: ಪಾಯಿಂಟಿನ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಬೇಕು, ಕ್ರಾಂಕನ್ನು ಓಡುವ ದಿಕ್ಕಿನಲ್ಲೇ ತಿರುಗಿಸುತ್ತಿರಬೇಕು, ಕಾಗದ ಬಿಟ್ಟ ಕ್ಷಣವೇ ತೆರೆದ ಕ್ಷಣ. ಕಾಗದಕ್ಕಿಂತ ನಂಬಿಕೆಯದು ಒಂದು ಸಣ್ಣ ೬ ವೋಲ್ಟ್ ಬಲ್ಬು. ಅದರ ಒಂದು ತಂತಿ ಪಾಯಿಂಟಿಗೆ, ಇನ್ನೊಂದು ಬಾಡಿಗೆ. ಚಾವಿ ಹಾಕಿದರೆ ಪಾಯಿಂಟು ಮುಚ್ಚಿರುವವರೆಗೆ ಬಲ್ಬು ಆರಿರುತ್ತದೆ, ತೆರೆದೊಡನೆ ಮಿಣಕ್ ಎನ್ನುತ್ತದೆ.

ಬಲ್ಬು ಮಿಣಕ್ ಎಂದದ್ದು ಪುಸ್ತಕದ ಅಳತೆಗಿಂತ ಬಹಳ ಮುಂಚೆ. ಪ್ಲೇಟಿನ ತಿರುಪು ಸಡಿಲಿಸಿ ಹಿಂದಕ್ಕೆ ಸರಿಸಿದೆವು. ಗಾಡಿ ಕೊನೆಗೆ ಬಂತು, ಪ್ಲೇಟಿನ ಉದ್ದಕಂಡಿ ಮುಗಿಯಿತು. ಆದರೂ ಇನ್ನೂ ಒಂದೂವರೆ ಮಿಲಿಮೀಟರು ಮುಂಚೆ. ಒಂದೂವರೆ ಮಿಲಿಮೀಟರು ಎಂದರೆ ಎಷ್ಟು ಮಹಾ ಎನ್ನಬೇಡಿ. ಪಿಸ್ಟನ್ನು ತುದಿಯ ಹತ್ತಿರ ಬಹಳ ನಿಧಾನವಾಗಿ ಚಲಿಸುವುದರಿಂದ ಅಷ್ಟರಲ್ಲಿ ಕ್ರಾಂಕು ಸಾಕಷ್ಟು ತಿರುಗಿರುತ್ತದೆ.

ಇಲ್ಲಿಯೇ ಕೆಲಸಗಾರನ ಪರೀಕ್ಷೆ. ಕಂಡಿ ಮುಗಿಯಿತಲ್ಲ, ಕಾನಸು ತಂದು ಕಂಡಿಯನ್ನೇ ಇನ್ನಷ್ಟು ಕೊರೆಯೋಣ ಎಂದು ಗ್ಯಾರೇಜಿನ ಇನ್ನೊಬ್ಬ ಹುಡುಗ ಎದ್ದೇ ಬಿಟ್ಟ. ಬೇಡ ಎಂದೆ. ಮೈಸೂರಿನಲ್ಲಿ ಈ ಗಾಡಿ ಕಟ್ಟಿದ ಕಾರ್ಮಿಕರಿಗೆ ಕಂಡಿ ಎಷ್ಟುದ್ದ ಇರಬೇಕೆಂದು ಗೊತ್ತಿತ್ತು. ಎಲ್ಲ ಪಾರ್ಟೂ ಅದರದ್ದೇ ಆಗಿದ್ದರೆ ಸರಿಯಾದ ಅಳತೆ ಕಂಡಿಯ ನಡುವೆ ಎಲ್ಲಾದರೂ ಸಿಕ್ಕೇ ಸಿಗಬೇಕು. ತುದಿಗೆ ಹೋದರೂ ಸಿಗದಿದ್ದರೆ ಯಾವುದೋ ಪಾರ್ಟು ಪರಕೀಯ. ಈ ಒಂದು ಮಾತನ್ನು ಪಾನಾ ಹಿಡಿಯುವ ನಮ್ಮ ಹುಡುಗರು ಬರೆದಿಟ್ಟುಕೊಂಡರೆ ಒಳ್ಳೆಯದು.

ಆಗ ಗಿರಣಿಯ ಹಿರಿಯರು ಏನು ಮಾಡಿದರು ಗೊತ್ತೇ? ಮನೆಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಗಾಡಿಯಿಂದ ಬಿಚ್ಚಿದ ಪ್ರತಿ ಹಳೆಯ ಸಾಮಾನೂ ಅದರಲ್ಲಿ ಚೀಟಿ ಕಟ್ಟಿಕೊಂಡು ಕೂತಿತ್ತು. ಸವೆದುಹೋದ ಮೂಲ ಪಾಯಿಂಟ್ ಸೆಟ್ಟೂ ಇತ್ತು. ಎರಡನ್ನೂ ಒಂದು ಬಿಳಿ ಕಾಗದದ ಮೇಲೆ ಒಂದೇ ತಿರುಪಿನ ಕಂಡಿಗೆ ಹೊಂದಿಸಿಟ್ಟು ಪೆನ್ಸಿಲಿನಿಂದ ಗೀಟೆಳೆದೆವು. ಆ ಕಾಗದವೂ ಇಲ್ಲಿದೆ. ತಿರುಪಿನ ಕಂಡಿ ಸರಿ, ಗೂಟದ ದಪ್ಪ ಸರಿ, ಸ್ಪ್ರಿಂಗು ಸರಿ. ಆದರೆ ಕ್ಯಾಮಿಗೆ ತಾಗುವ ಕಾಲು ಹೊಸದರಲ್ಲಿ ಒಂದೆರಡು ಮಿಲಿಮೀಟರು ಆಚೆ ಇದೆ. ಕ್ಯಾಮಿನ ಉಬ್ಬು ಆ ಕಾಲನ್ನು ಮುಂಚಿತವಾಗಿ ಎತ್ತುತ್ತದೆ, ಕಿಡಿಯೂ ಮುಂಚಿತ. ಕೂತಿದೆ, ತಿರುಪು ಹಿಡಿದಿದೆ, ಗ್ಯಾಪು ಬಂದಿದೆ; ಆದರೆ ಅದು ಈ ಗಾಡಿಯದಲ್ಲ.

ಗಿರಣಿಯವರಿಗೆ ಇದು ಹೊಸತೇನಲ್ಲ ಎಂದು ಹಿರಿಯರು ಅಲ್ಲಿಯೇ ಹೇಳಿದರು. ರಿಂಗ್ ಫ್ರೇಮಿನಲ್ಲಿ ನೂಲಿನ ನಂಬರಿಗೆ ತಕ್ಕ ತೂಕದ ಟ್ರಾವಲರ್ ಹಾಕಬೇಕಲ್ಲವೇ? ಬೇರೆ ತೂಕದ್ದೂ ರಿಂಗಿನ ಮೇಲೆ ಕೂಡುತ್ತದೆ, ತಿರುಗುತ್ತದೆ, ಕಣ್ಣಿಗೆ ಏನೂ ತಪ್ಪು ಕಾಣದು. ಆದರೆ ಎಳೆ ಕಡಿಯುತ್ತಲೇ ಇರುತ್ತದೆ, ಬೈಗುಳ ಮಾತ್ರ ಎಳೆ ಜೋಡಿಸುವವನಿಗೆ. ಹೋಟೆಲಿನವರೂ ಬಲ್ಲರು: ಬರ್ನರಿಗೆ ಬೇರೆ ನಂಬರಿನ ಜೆಟ್ಟು ಕೂರಿಸಿದರೆ ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ, ಗಲ್ಲಾದ ಮೇಲಿನವರು ಕೇಳುವುದು ಭಟ್ಟರನ್ನು.

ಇನ್ನೂ ಒಂದು ಗಂಟು ಉಳಿದಿತ್ತು. ಹಳೆಯ ಪಾಯಿಂಟು ಬಿಚ್ಚುವ ಗತಿ ಏಕೆ ಬಂತು? ಚಾಲೂ ಆಗಲು ತಡವಾಗುತ್ತಿತ್ತು ಎಂದು. ಅದಕ್ಕೂ ಸ್ವಲ್ಪ ಮೊದಲು ಏನಾದರೂ ಬದಲಾಯಿಸಿದ್ದಿರಾ ಎಂದು ಹಿರಿಯರನ್ನು ಕೇಳಿದಾಗ, ಕಾಯ್ಲು ಸತ್ತಿತ್ತು, ಬೇರೆ ಕಡೆ ಹೊಸದು ಹಾಕಿಸಿದೆ ಎಂದರು. ಕಾಯ್ಲಿನ ಮೇಲೆ ಚೀಟಿ ಇರಲಿಲ್ಲ. ಮೀಟರು ಹಿಡಿದೆವು. ೬ ವೋಲ್ಟಿನ ಕಾಯ್ಲಿನ ದಪ್ಪ ಸುರುಳಿಯ ತಡೆ ಸಾಮಾನ್ಯವಾಗಿ ಒಂದರಿಂದ ಎರಡು ಓಮ್ ಒಳಗೆ. ೧೨ ವೋಲ್ಟಿನದು ಮೂರು ನಾಲ್ಕರ ಆಸುಪಾಸು. ನಮ್ಮದು ಮೂರರ ಮೇಲೆ ತೋರಿಸಿತು. ಇಷ್ಟು ಸಣ್ಣ ತಡೆ ಅಳೆಯುವಾಗ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಬಂದ ಅಂಕಿಯನ್ನು ಕಳೆಯಬೇಕು; ಇಲ್ಲವಾದರೆ ಒಳ್ಳೆಯ ಕಾಯ್ಲಿಗೂ ಕೆಟ್ಟ ಹೆಸರು ಬಂದೀತು.

೬ ವೋಲ್ಟು ಒಂದೂವರೆ ಓಮಿನಲ್ಲಿ ೪ ಆಂಪಿಯರು ಹರಿಸುತ್ತದೆ. ಮೂರು ಓಮಿನಲ್ಲಿ ೨ ಮಾತ್ರ. ಅರ್ಧ ಕರೆಂಟಿಗೆ ಕಿಡಿ ಸೊರಗುತ್ತದೆ. ಪ್ಲಗ್ಗು ಹೊರಗೆ ಹಿಡಿದು ನೋಡಿದರೆ ಕಿಡಿ ಕಾಣುತ್ತದೆ, ಅದೇ ಮೋಸ. ಒಳಗೆ ಒತ್ತಡದಲ್ಲಿ ಅದು ಹಾರಲಾರದು. ಪ್ಲಗ್ಗು ಒದ್ದೆಯಾಗುತ್ತದೆ, ಹತ್ತು ಕಿಕ್ ಬೇಕಾಗುತ್ತದೆ. ತಿರುಗಾ ಮುರುಗಾ ಆದರೂ ಕೇಡೇ: ೧೨ ವೋಲ್ಟಿನ ಗಾಡಿಗೆ ೬ ವೋಲ್ಟಿನ ಕಾಯ್ಲು ಹಾಕಿದರೆ ಕರೆಂಟು ಎರಡರಷ್ಟಾಗಿ ಕಾಯ್ಲು ಕಾದು ಪಾಯಿಂಟು ಸುಟ್ಟುಹೋಗುತ್ತದೆ. ಕಂಡೆನ್ಸರಿನ ಬಗ್ಗೆಯೂ ಕೇಳುತ್ತೀರಿ. ನಮ್ಮ ಗಾಡಿಯಲ್ಲಿ ಅದು ಸರಿಯಿತ್ತು. ಅದು ಕೆಟ್ಟಿದ್ದರೆ ಪಾಯಿಂಟಿನ ನಡುವೆ ದೊಡ್ಡ ಕಿಡಿ ಹಾರುತ್ತದೆ, ಪಾಯಿಂಟಿನ ಮುಖ ಬೇಗ ಕಪ್ಪಾಗುತ್ತದೆ. ಅಳತೆ ತಪ್ಪಿದ್ದಾದರೆ ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಲೋಹ ಹತ್ತಿ ಒಂದು ಕಡೆ ಗುಳಿ, ಒಂದು ಕಡೆ ದಿಬ್ಬ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದ ಮೇಲೆ ನಿಲ್ಲುವ ಗಾಡಿಯಲ್ಲಿ ಮೊದಲು ಅದರ ಮೇಲೆ ಸಂಶಯ ಪಡಿ.

ಈಗ ಸರಪಳಿ ಕಾಣುತ್ತದೆಯಲ್ಲವೇ? ಬೇರೆ ವೋಲ್ಟಿನ ಕಾಯ್ಲಿನಿಂದ ಕಿಡಿ ಸೊರಗಿತು. ಅಪವಾದ ಪಾಯಿಂಟಿಗೆ ಬಂತು. ಹೊಸ ಪಾಯಿಂಟು ಬೇರೆ ಗಾಡಿಯದಾಗಿ ಟೈಮಿಂಗು ಮುಂಚೆ ಬಂತು. ಗಾಡಿ ಒದೆಯಿತು, ಕಾದಿತು. ಅಪವಾದ ಪ್ಲಗ್ಗಿಗೆ ಬಂತು. ಹೊಸ ಪ್ಲಗ್ಗು ನಂಬರಿನ ದಿಕ್ಕು ತಪ್ಪಿ ಇನ್ನೂ ಬಿಸಿಯದಾಯಿತು. ಪಿಸ್ಟನ್ನು ತೂತಾಯಿತು. ಕೊನೆಯ ಅಪವಾದ ಹುಡುಗನಿಗೆ.

ಮಾಲೀಕರನ್ನು ನಾನು ದುಷ್ಟರೆನ್ನುವುದಿಲ್ಲ. ಅವರಿಗೂ ಒಂದು ಅಂಗಡಿಯವನು ಜಾವಾದ್ದೇ ಎಂದು ಹೇಳಿ ಕೊಟ್ಟಿದ್ದ. ಪೆನ್ಸಿಲಿನ ಗೀಟು ನೋಡಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆದರೆ ಎರಡು ವಾರ ಆ ಹುಡುಗ ಒದೆಯುತ್ತಿದೆ ಸೇಠ್ ಎಂದು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿನಗೆ ಕಿಕ್ ಹೊಡೆಯಲು ಬರುವುದಿಲ್ಲ ಎಂದು ಇತರರು ನಕ್ಕಿದ್ದರು. ಗಾಡಿಯ ರೋಗವನ್ನು ಮೊದಲು ಕಂಡದ್ದು ಅವನ ಕಾಲು. ಇದನ್ನು ನಾನು ಮಾಲೀಕರಿಗೆ ಹೇಳಿದೆ. ಹೇಳುವಾಗ ದನಿ ಸ್ವಲ್ಪ ಏರಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆ ಮೇಲಿನದು ಚುಟುಕಾಗಿ. ಕ್ರಾಂಕ್‌ಕೇಸಿನೊಳಗೆ ಬಿದ್ದಿದ್ದ ಅಲ್ಯುಮಿನಿಯಮ್ ಚೂರುಗಳನ್ನೆಲ್ಲ ತೊಳೆದು ತೆಗೆದೆವು. ಒಂದು ಚೂರು ಉಳಿದರೂ ಬೇರಿಂಗು ಹೋಗುತ್ತದೆ. ಸಿಲಿಂಡರಿನ ಗೋಡೆ ಕೆಡದಿದ್ದುದರಿಂದ ಬೋರು ಮಾಡಿಸಬೇಕಾಗಲಿಲ್ಲ, ಅದೇ ಅಳತೆಯ ಪಿಸ್ಟನ್ನು ಸಾಕಾಯಿತು. ೬ ವೋಲ್ಟಿನ ಕಾಯ್ಲು ಸಿಕ್ಕಿತು. ಸರಿಯಾದ ಪಾಯಿಂಟ್ ಸೆಟ್ಟಿಗೆ ಮೂರು ರವಿವಾರ ಅಲೆದೆವು. ಪ್ರತಿ ಅಂಗಡಿಯಲ್ಲೂ ಹುಡುಗ ಜೇಬಿನಿಂದ ಹಳೆಯದನ್ನು ತೆಗೆದು ಕಾಗದದ ಮೇಲಿಟ್ಟು ಹೋಲಿಸಿದ. ಒಬ್ಬ ಅಂಗಡಿಯವನು, ತಗೋತೀಯೋ ಚಿತ್ರ ಬರೀತೀಯೋ ಎಂದು ಗದರಿದ. ಐದನೆಯ ಅಂಗಡಿಯಲ್ಲಿ ಗೀಟಿಗೆ ಗೀಟು ಕೂಡಿತು. ಕೂರಿಸಿದಾಗ ಅಳತೆ ಕಂಡಿಯ ನಡುಮಧ್ಯದಲ್ಲೇ ಬಂತು.

ಮಾಲೀಕರು ಮುರಿದುಕೊಂಡ ಹಣದಲ್ಲಿ ಅರ್ಧ ಅಂದೇ ಕೊಟ್ಟರು, ಉಳಿದದ್ದು ಮುಂದಿನ ತಿಂಗಳು ಕೊಟ್ಟರು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಈಗ ಗ್ಯಾರೇಜಿಗೆ ಹೊಸ ಪಾರ್ಟು ಬಂದರೆ ಮೊದಲು ಹುಡುಗನ ಕೈಗೆ ಕೊಡುತ್ತಾರೆ, ಹಳೆಯದರ ಜೊತೆ ಇಟ್ಟು ನೋಡು ಎನ್ನುತ್ತಾರೆ. ಅವನ ಹತ್ತಿರ ಒಂದು ನೋಟುಬುಕ್ಕು ಇದೆ. ಯಾವ ಗಾಡಿ, ಯಾವ ಪಾರ್ಟು, ಯಾವ ಅಳತೆ, ಏನು ತೆಗೆದೆ, ಏನು ಹಾಕಿದೆ, ಎಲ್ಲವೂ ಕನ್ನಡದಲ್ಲೇ, ಗೀಟಿನ ಚಿತ್ರ ಸಮೇತ. ಕೊನೆಯ ಬೆಂಚಿನಲ್ಲಿ ಅವನೇ ಕೂತಿದ್ದಾನೆ. ನಾಚಿಕೊಳ್ಳುತ್ತಾನೆಂದು ಹೆಸರು ಹೇಳಲಿಲ್ಲ. ಸಭೆ ಮುಗಿದ ಮೇಲೆ ಕೆಳಗೆ ನಿಲ್ಲಿಸಿರುವ ಜಾವಾವನ್ನು ಅವನು ಚಾಲೂ ಮಾಡಿ ತೋರಿಸುತ್ತಾನೆ. ಬಲ್ಬು ಹಿಡಿದು ಟೈಮಿಂಗು ನೋಡುವುದನ್ನು ಕಲಿಯಬೇಕೆಂದಿರುವವರು ಅವನ ಹತ್ತಿರ ನಿಲ್ಲಿ. ಬೀಡಿ ಮಾತ್ರ ಹೊರಗೇ ಆರಿಸಿ ಬನ್ನಿ, ಪೆಟ್ರೋಲಿನ ಕೆಲಸ. ಪಿಸ್ಟನ್ನು ಯಾರ ಕೈಯಲ್ಲಿದೆಯೋ ಅವರು ದಯವಿಟ್ಟು ಮೇಜಿಗೆ ತಂದುಕೊಡಬೇಕು; ಅದನ್ನು ಹಿರಿಯರ ಡಬ್ಬಿಗೆ ಹಾಕಬೇಕಾಗಿದೆ.